‘ಅಗ್ರೀ’ಯ ಮುಂದಿನ ಪುಟ್ಟ ಪದ: ಒಪ್ಪಿಗೆಯ ಇಂಗ್ಲಿಷನ್ನು ಬಳಸುವ ಬಗೆ

ಇಂಗ್ಲಿಷಿನ ‘ಅಗ್ರೀ’ ಎಂಬ ಕ್ರಿಯಾಪದಕ್ಕೆ ಅರ್ಥವೇನೆಂದು ಕೇಳಿದರೆ ಹೈಸ್ಕೂಲಿನ ಮಕ್ಕಳು ಕೂಡ ‘ಒಪ್ಪು’ ಎಂದು ಥಟ್ಟನೆ ಹೇಳುತ್ತಾರೆ, ಮತ್ತು ಆ ಉತ್ತರ ತಪ್ಪಲ್ಲ. ಆದರೆ ಆ ಒಂದೇ ಅರ್ಥವನ್ನು ನೆಚ್ಚಿಕೊಂಡು ಪತ್ರವನ್ನೋ ಇಮೇಲನ್ನೋ ಬರೆಯಲು ಕುಳಿತಾಗ ತೊಡಕು ಶುರುವಾಗುತ್ತದೆ. ನಮ್ಮ ‘ಒಪ್ಪು’ ಮಾಡುವ ಕೆಲಸಗಳೆಲ್ಲ ‘ಅಗ್ರೀ’ಯಿಂದ ಆಗುವುದಿಲ್ಲ, ‘ಅಗ್ರೀ’ ಮಾಡುವ ಕೆಲವು ಕೆಲಸಗಳಿಗೆ ನಾವು ‘ಒಪ್ಪು’ ಎನ್ನುವುದೇ ಇಲ್ಲ. ಅನುವಾದ ಮಾಡುತ್ತ, ಬೇರೆಯವರ ಇಂಗ್ಲಿಷ್ ಕರಡುಗಳನ್ನು ತಿದ್ದುತ್ತ ಬಂದಿರುವ ನನ್ನ ಕೈಯಲ್ಲಿ ಪದೇ ಪದೇ ಕೆಂಪು ಗೆರೆ ಎಳೆಸಿದ ಪದಗಳಲ್ಲಿ ಇದೂ ಒಂದು. ಕಾರಣ ಸರಳವಾಗಿದೆ: ಕನ್ನಡದಲ್ಲಿ ಒಪ್ಪಿಗೆಯ ಬಗೆಯನ್ನು ತಿಳಿಸುವುದು ಹಿಂದಿನ ನಾಮಪದಕ್ಕೆ ಅಂಟಿದ ವಿಭಕ್ತಿ ಪ್ರತ್ಯಯ, ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ‘ಅಗ್ರೀ’ಯ ಮುಂದೆ ನಿಲ್ಲುವ ‘ವಿತ್’, ‘ಟು’, ‘ಆನ್’ ಎಂಬ ಪುಟ್ಟ ಪದಗಳು ಮಾಡುತ್ತವೆ. ಆದ್ದರಿಂದ ‘ಅಗ್ರೀ’ಯನ್ನು ಒಂಟಿಯಾಗಿ ಕಲಿಯದೆ, ಮುಂದಿನ ಪದದ ಜೊತೆಗೇ ಕಲಿಯಬೇಕು. ಅದನ್ನು ಹಂತ ಹಂತವಾಗಿ ಮಾಡುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹಂತ 1: ಎರಡು ಪದಗಳ ಬೇರನ್ನು ಒಮ್ಮೆ ನೋಡಿಕೊಳ್ಳಿ

‘ಅಗ್ರೀ’ ಇಂಗ್ಲಿಷಿಗೆ ಬಂದದ್ದು 14ನೆಯ ಶತಮಾನದ ಕೊನೆಯ ಭಾಗದಲ್ಲಿ, ಹಳೆಯ ಫ್ರೆಂಚಿನಿಂದ. ಅಲ್ಲಿ ‘ಆ ಗ್ರೆ’ ಎಂದರೆ ಮನಸ್ಸಿಗೆ ಹಿತವಾಗುವಂತೆ ಎಂದು. ಅದರ ಹಿಂದಿರುವ ಲ್ಯಾಟಿನ್ ಪದ ‘ಗ್ರಾಟುಸ್’ಗೆ ಹಿತವಾದದ್ದು, ಮೆಚ್ಚಿಕೆಯಾದದ್ದು ಎಂಬ ಅರ್ಥ. ಕೃತಜ್ಞತೆಯನ್ನು ಸೂಚಿಸುವ ‘ಗ್ರೇಟ್‌ಫುಲ್’ ಎಂಬ ಪದವೂ ಅದೇ ಬೇರಿನದು. ಎಂದರೆ ‘ಅಗ್ರೀ’ ಹುಟ್ಟಿದ್ದು ವಾದದಲ್ಲಿ ಅಲ್ಲ, ಹಿತದಲ್ಲಿ.

ಕನ್ನಡದ ‘ಒಪ್ಪು’ ಕೂಡ ಹಾಗೆಯೇ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ‘ಈ ಸೀರೆ ನಿನಗೆ ಒಪ್ಪುತ್ತದೆ’ ಎನ್ನುವಾಗ ಅಲ್ಲಿ ಸಮ್ಮತಿಯ ಮಾತೇ ಇಲ್ಲ, ಚೆನ್ನಾಗಿ ಕಾಣುತ್ತದೆ ಎಂದಷ್ಟೇ ಅರ್ಥ. ಮನೆಯನ್ನು ಒಪ್ಪ ಓರಣವಾಗಿ ಇಡುತ್ತೇವೆ. ಅಕ್ಕಸಾಲಿಗರು ಒಡವೆಗೆ ಒಪ್ಪ ಹಾಕುತ್ತಾರೆ. ಹಳೆಯ ಶಾಸನಗಳಲ್ಲಿ ‘ಒಪ್ಪ’ ಎಂದರೆ ಸಹಿ. ವಿಜಯನಗರದ ಅರಸರ ತಾಮ್ರಪಟಗಳ ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ ಕಾಣುವ ‘ಶ್ರೀ ವಿರೂಪಾಕ್ಷ’ ಎಂಬುದು ಅಂಥ ಒಪ್ಪವೇ. ಹೀಗೆ ಅಂದ, ಹೊಂದಿಕೆ, ಸಹಿ, ಸಮ್ಮತಿ ಎಲ್ಲವೂ ಒಂದೇ ಬೇರಿನಿಂದ ಕವಲೊಡೆದಿವೆ. ಎರಡು ಭಾಷೆಗಳ ಪದಗಳು ಬೇರಿನಲ್ಲಿ ಇಷ್ಟು ಹತ್ತಿರವಿದ್ದರೂ ಕೊಂಬೆಗಳಲ್ಲಿ ದೂರ ಸರಿದಿವೆ; ತಪ್ಪುಗಳು ಆಗುವುದು ಆ ಕೊಂಬೆಗಳಲ್ಲಿ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಒತ್ತು ಬೀಳಬೇಕಾದದ್ದು ಎರಡನೆಯ ಅಕ್ಷರದ ಮೇಲೆ, ಅದನ್ನು ದೀರ್ಘವಾಗಿಯೂ ಎಳೆಯಬೇಕು. ‘ನಮ್ಮ ಹುಡುಗ ಅಗ್ರಿ ಓದುತ್ತಿದ್ದಾನೆ’ ಎನ್ನುವಾಗಿನ ಹ್ರಸ್ವದ ‘ಅಗ್ರಿ’ ಕೃಷಿ ವಿಜ್ಞಾನದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಂತ 2: ಮುಂದಿನ ಪದವನ್ನು ಆರಿಸಿ

ಇದು ಈ ಲೇಖನದ ಮುಖ್ಯ ಭಾಗ. ಸಮಯವಿಲ್ಲದವರು ಇದೊಂದನ್ನೇ ಓದಿದರೂ ಸಾಕು.

ಒಬ್ಬರ ಅಭಿಪ್ರಾಯ ನಿಮಗೂ ಸರಿಯೆನಿಸಿದಾಗ ‘ಅಗ್ರೀ ವಿತ್’ ಬಳಸಬೇಕು. ‘ಐ ಅಗ್ರೀ ವಿತ್ ಯೂ’ ಎಂದರೆ ನಿಮ್ಮ ಮಾತು ಸರಿ ಎಂದು ನನಗೂ ತೋರುತ್ತದೆ ಎಂದು. ಇಲ್ಲಿ ನಡೆಯುವುದು ಮನಸ್ಸಿನೊಳಗಿನ ಕೆಲಸ, ಅದರಿಂದ ನಿಮ್ಮ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಒಂದು ಪ್ರಸ್ತಾಪಕ್ಕೋ ಬೇಡಿಕೆಗೋ ಷರತ್ತಿಗೋ ‘ಆಗಲಿ’ ಎಂದು ತಲೆಯಾಡಿಸಿದಾಗ ‘ಅಗ್ರೀ ಟು’ ಬಳಸಬೇಕು. ಇಲ್ಲಿ ಹೊಣೆ ಬರುತ್ತದೆ, ಮುಂದೆ ಏನನ್ನಾದರೂ ಮಾಡಬೇಕಾಗುತ್ತದೆ ಅಥವಾ ಬಿಡಬೇಕಾಗುತ್ತದೆ.

ನೆನಪಿಡಲು ನಮ್ಮ ವಿಭಕ್ತಿಗಳೇ ಸಹಾಯಕ್ಕೆ ಬರುತ್ತವೆ. ‘ನಿಮ್ಮ ಅಭಿಪ್ರಾಯವನ್ನು ಒಪ್ಪುತ್ತೇನೆ’ ಎಂದು ದ್ವಿತೀಯೆಯಲ್ಲಿ ಹೇಳುವ ಕಡೆ ಸಾಮಾನ್ಯವಾಗಿ ‘ವಿತ್’ ಬರುತ್ತದೆ. ‘ನಿಮ್ಮ ಷರತ್ತಿಗೆ ಒಪ್ಪಿದ್ದೇನೆ’, ‘ಅವಳು ಮದುವೆಗೆ ಒಪ್ಪಿದಳು’ ಎಂದು ಚತುರ್ಥಿಯಲ್ಲಿ ಹೇಳುವ ಕಡೆ ‘ಟು’ ಬರುತ್ತದೆ. ‘ಷರತ್ತುಗಳನ್ನು ಒಪ್ಪಿದರು’ ಎಂದೂ ನಾವು ಹೇಳುವುದುಂಟಾದ್ದರಿಂದ ಇದು ಕಟ್ಟುನಿಟ್ಟಿನ ಸೂತ್ರವಲ್ಲ; ಅಂಥ ಕಡೆ ‘ಗೆ’ ಹಾಕಿ ನೋಡಿ, ವಾಕ್ಯ ಸಲೀಸಾಗಿ ನಿಂತರೆ ‘ಟು’ ಎಂದು ತಿಳಿಯಿರಿ.

ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ. ಮನೆಯ ಮಾಲೀಕರು ಬಾಡಿಗೆಯನ್ನು ಶೇಕಡ 10ರಷ್ಟು ಏರಿಸುವುದಾಗಿ ಹೇಳುತ್ತಾರೆ ಎಂದುಕೊಳ್ಳಿ. ಬಾಡಿಗೆದಾರ ‘ಐ ಅಗ್ರೀ ವಿತ್ ದಿ ಇನ್‌ಕ್ರೀಸ್’ ಎಂದು ಬರೆದರೆ, ಏರಿಕೆ ನ್ಯಾಯವಾಗಿದೆ ಎಂದು ತಾನೂ ಭಾವಿಸುವುದಾಗಿ ಹೇಳಿದಂತಾಯಿತು. ‘ಐ ಅಗ್ರೀ ಟು ದಿ ಇನ್‌ಕ್ರೀಸ್’ ಎಂದರೆ, ನ್ಯಾಯವೋ ಅನ್ಯಾಯವೋ, ಕೊಡುತ್ತೇನೆ ಎಂದಷ್ಟೇ. ಬೇರೆ ಮನೆ ಹುಡುಕುವ ತ್ರಾಣವಿಲ್ಲದೆ ಸಹಿ ಹಾಕುವವನು ಹೇಳಬೇಕಾದದ್ದು ಎರಡನೆಯದನ್ನು. ಕಾವೇರಿಯ ವಿಷಯದಲ್ಲೂ ಇದನ್ನು ಕಾಣಬಹುದು: ಮದ್ರಾಸಿನೊಡನೆ ಆದ 1924ರ ಒಪ್ಪಂದಕ್ಕೆ ಮೈಸೂರು ಸಂಸ್ಥಾನ ‘ಅಗ್ರೀಡ್ ಟು’ ಎಂಬುದು ಇತಿಹಾಸ, ಆದರೆ ‘ಅಗ್ರೀಡ್ ವಿತ್’ ಎನ್ನಲು ಕರ್ನಾಟಕ ಇಂದಿಗೂ ಸಿದ್ಧವಿಲ್ಲ.

ಮೂರನೆಯದು ‘ಅಗ್ರೀ ಆನ್’. ಇಬ್ಬರೋ ಹೆಚ್ಚು ಜನರೋ ಕೂತು ಮಾತನಾಡಿ ಒಂದು ತೀರ್ಮಾನಕ್ಕೆ ಬಂದಾಗ, ದರವೋ ದಿನಾಂಕವೋ ಕುದುರಿದಾಗ ಇದು ಬೇಕು. ‘ದೇ ಅಗ್ರೀಡ್ ಆನ್ ಎ ಡೇಟ್’ ಎಂದರೆ ದಿನಾಂಕದ ಬಗ್ಗೆ ಇಬ್ಬರಿಗೂ ಒಮ್ಮತವಾಯಿತು. ಒಬ್ಬರು ಹೇಳಿ ಇನ್ನೊಬ್ಬರು ತಲೆಯಾಡಿಸಿದರೆ ‘ಟು’, ಇಬ್ಬರೂ ಸೇರಿ ಕಂಡುಕೊಂಡರೆ ‘ಆನ್’. ಸೇವಂತಿಗೆ ಮಾರುವವರೊಡನೆ ಚೌಕಾಸಿ ಮಾಡಿ ಮೊಳಕ್ಕೆ 40 ರೂಪಾಯಿಗೆ ಇಳಿಸಿದರೆ ಅದು ‘ಅಗ್ರೀ ಆನ್’; ಚೌಕಾಸಿಯಿಲ್ಲದೆ ಅವರು ಹೇಳಿದ ದರಕ್ಕೇ ತೆಗೆದುಕೊಂಡರೆ ‘ಅಗ್ರೀ ಟು’. ಇದರ ಹಳೆಯ ರೂಪವಾದ ‘ಅಗ್ರೀ ಅಪಾನ್’ ಕಾನೂನಿನಲ್ಲಿ ಇಂದಿಗೂ ಜೀವಂತವಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 13ನೆಯ ಕಲಮು ಸಮ್ಮತಿಯನ್ನು ವಿವರಿಸುವುದೇ ಈ ಪದಗಳಿಂದ: ಇಬ್ಬರು ಅಥವಾ ಹೆಚ್ಚು ಜನ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಅದು ಸಮ್ಮತಿ. ‘ಒಂದೇ ಅರ್ಥದಲ್ಲಿ’ ಎಂಬ ಮಾತನ್ನು ಗಮನಿಸಿ; ಮಾರುವವನು ಹಳೆಯ ಸ್ಕೂಟರನ್ನೂ ಕೊಳ್ಳುವವನು ಹೊಸ ಸ್ಕೂಟರನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೈ ಕುಲುಕಿದರೆ ಅಲ್ಲಿ ಸಮ್ಮತಿಯೇ ಇಲ್ಲ.

ಒಂದು ವಿಷಯದ ಬಗ್ಗೆ ಇಬ್ಬರ ನೋಟ ಒಂದೇ ಆಗಿದೆ ಎಂದಷ್ಟೇ ಹೇಳಬೇಕಾದರೆ ‘ಅಗ್ರೀ ಅಬೌಟ್’ ಸಾಕು. ‘ಆನ್’ ಬಂದರೂ ತಪ್ಪೇನಿಲ್ಲ.

ನಾಮಪದದ ಬದಲು ಕ್ರಿಯೆ ಬಂದಾಗ ‘ಟು’ ಆದಮೇಲೆ ಕ್ರಿಯಾಪದದ ಮೂಲರೂಪ ನಿಲ್ಲುತ್ತದೆ: ‘ಶೀ ಅಗ್ರೀಡ್ ಟು ಕಮ್’. ಇಡೀ ವಾಕ್ಯವನ್ನೇ ಒಪ್ಪುವಾಗ ‘ದ್ಯಾಟ್’ ಬರುತ್ತದೆ. ಕನ್ನಡದ ‘ಎಂದು’ ಅಥವಾ ‘ಎಂಬುದನ್ನು’ ಮಾಡುವ ಕೆಲಸ ಅದು. ಬ್ರಿಟಿಷ್ ಪತ್ರಿಕೆಗಳಲ್ಲಿ ಈ ಪುಟ್ಟ ಪದಗಳು ಯಾವುವೂ ಇಲ್ಲದ ‘ಅಗ್ರೀ ಎ ಪ್ರೈಸ್’ ಎಂಬ ಪ್ರಯೋಗವನ್ನು ಕಂಡು ಅಚ್ಚಿನ ದೋಷವೆಂದುಕೊಳ್ಳಬೇಡಿ. ದರ, ಷರತ್ತು, ಯೋಜನೆಗಳ ವಿಷಯದಲ್ಲಿ ಬ್ರಿಟಿಷರು ಹಾಗೆ ನೇರವಾಗಿ ಬರೆಯುತ್ತಾರೆ. ಅಮೆರಿಕದವರು ‘ಆನ್’ ಅಥವಾ ‘ಟು’ ಬಿಡುವುದಿಲ್ಲ. ಸಂದೇಹವಿದ್ದರೆ ‘ಆನ್’ ಹಾಕಿಯೇ ಬರೆಯಿರಿ, ಎರಡೂ ಕಡೆ ನಡೆಯುತ್ತದೆ.

ಹಂತ 3: ‘ಆ್ಯಮ್’ ತೆಗೆಯಿರಿ

‘ಐ ಆ್ಯಮ್ ಅಗ್ರೀ’ ಎಂಬುದು ಸಂದರ್ಶನಗಳಲ್ಲಿ ಕೇಳಿಬರುವ ಸಾಮಾನ್ಯ ತಪ್ಪು. ‘ನನಗೆ ಒಪ್ಪಿಗೆ ಇದೆ’ ಎಂಬ ವಾಕ್ಯದ ‘ಇದೆ’ ನಾಲಿಗೆಯ ತುದಿಯಲ್ಲಿರುವುದರಿಂದಲೋ, ‘ಐ ಆ್ಯಮ್ ರೆಡಿ’ ಎಂದು ಹೇಳಿ ರೂಢಿಯಾಗಿರುವುದರಿಂದಲೋ ಇದು ಬರುತ್ತದೆ ಎಂದು ನನ್ನ ಊಹೆ. ‘ಅಗ್ರೀ’ ಸ್ವತಃ ಕ್ರಿಯಾಪದವಾದ್ದರಿಂದ ಅದಕ್ಕೆ ಊರುಗೋಲು ಬೇಡ; ‘ಐ ಅಗ್ರೀ’ ಎಂದರೆ ಪೂರ್ತಿಯಾಯಿತು. ‘ಐ ಆ್ಯಮ್ ಅಗ್ರೀಯಿಂಗ್’ ಎಂದೂ ಬರೆಯಬೇಡಿ, ಏಕೆಂದರೆ ಅಭಿಪ್ರಾಯವನ್ನು ಹೇಳುವ ಈ ಪದ ಸಾಮಾನ್ಯವಾಗಿ ನಡೆಯುತ್ತಿರುವ ಕ್ರಿಯೆಯ ರೂಪವನ್ನು ಧರಿಸುವುದಿಲ್ಲ. ಇದಕ್ಕೆ ವಿರುದ್ಧವೆಂಬಂತೆ ಕಾಣುವ ‘ವಿ ಆರ್ ಅಗ್ರೀಡ್’ ಎಂಬ ಪ್ರಯೋಗ ಸರಿಯಾದದ್ದೇ. ಸಭೆಯ ಕೊನೆಯಲ್ಲಿ ‘ಎಲ್ಲರಿಗೂ ಒಪ್ಪಿಗೆ ತಾನೆ?’ ಎಂದು ಕೇಳುವ ಹಾಗೆ ಅಧ್ಯಕ್ಷರು ‘ಆರ್ ವಿ ಅಗ್ರೀಡ್?’ ಎನ್ನುತ್ತಾರೆ. ಅಲ್ಲಿ ಕೊನೆಯ ‘ಡ್’ ಇದೆ ಎಂಬುದೇ ವ್ಯತ್ಯಾಸ.

ಹಂತ 4: ‘ಒಪ್ಪು’ವಿನ ಮಕ್ಕಳನ್ನು ‘ಅಗ್ರೀ’ಯ ಹೆಗಲಿಗೆ ಹಾಕಬೇಡಿ

ಕನ್ನಡದಲ್ಲಿ ಒಂದು ಧಾತುವಿಗೆ ಪ್ರತ್ಯಯ ಸೇರಿಸಿ ಹತ್ತು ಕೆಲಸ ಮಾಡಿಸಬಹುದು. ಇಂಗ್ಲಿಷಿನಲ್ಲಿ ಅದು ಆಗದು, ಪ್ರತಿಯೊಂದಕ್ಕೂ ಬೇರೆ ಪದ ಹುಡುಕಬೇಕು.

‘ಅಪ್ಪನನ್ನು ಒಪ್ಪಿಸಿದೆ’ ಎಂಬುದನ್ನು ‘ಐ ಅಗ್ರೀಡ್ ಮೈ ಫಾದರ್’ ಎಂದು ಬರೆದವರನ್ನು ನಾನು ಕಂಡಿದ್ದೇನೆ. ‘ಅಗ್ರೀ’ಗೆ ನಮ್ಮ ‘ಇಸು’ ಪ್ರತ್ಯಯದಂಥ ಸೌಕರ್ಯವಿಲ್ಲ. ಅಲ್ಲಿ ‘ಪರ್ಸ್ವೇಡ್’ ಎಂಬ ಪದವನ್ನೋ ‘ಐ ಗಾಟ್ ಮೈ ಫಾದರ್ ಟು ಅಗ್ರೀ’ ಎಂಬ ರಚನೆಯನ್ನೋ ಬಳಸಬೇಕು. ಅದೇ ‘ಒಪ್ಪಿಸು’ ಮಗ್ಗಿಯದಾದರೆ ‘ರಿಸೈಟ್’, ಬೀಗದ ಕೈಯದಾದರೆ ‘ಹ್ಯಾಂಡ್ ಓವರ್’, ಕಚೇರಿಯ ವರದಿಯದಾದರೆ ‘ಸಬ್ಮಿಟ್’. ‘ತಪ್ಪು ಒಪ್ಪಿಕೊಂಡ’ ಎನ್ನುವಲ್ಲಿ ‘ಅಡ್ಮಿಟ್’ ಬೇಕು; ‘ಹೀ ಅಗ್ರೀಡ್ ಹಿಸ್ ಮಿಸ್ಟೇಕ್’ ಎಂಬುದು ಇಂಗ್ಲಿಷಲ್ಲ. ಗಂಡು ಹೆಣ್ಣು ನೋಡುವ ಶಾಸ್ತ್ರ ಮುಗಿಸಿ ಬಂದವರು ‘ಹುಡುಗಿ ನಮಗೆ ಒಪ್ಪಿಗೆಯಾಗಿದ್ದಾಳೆ’ ಎನ್ನುತ್ತಾರಲ್ಲ, ಅಲ್ಲಿರುವುದು ಮೆಚ್ಚಿಕೆ, ಅದು ‘ಲೈಕ್’. ತಾಂಬೂಲ ಬದಲಾಯಿಸಿಕೊಂಡ ಮೇಲೆ ಮಾತ್ರ ‘ಅಗ್ರೀಡ್ ಟು ದ ಮ್ಯಾಚ್’ ಎನ್ನಬಹುದು.

‘ಅವರು ನನಗೆ ಹೋಗಲು ಒಪ್ಪಿದರು’ ಎಂಬ ಅರ್ಥದಲ್ಲಿ ‘ದೇ ಅಗ್ರೀಡ್ ಮೀ ಟು ಗೋ’ ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ‘ಅಗ್ರೀ’ ಮತ್ತು ‘ಟು’ ನಡುವೆ ಮನುಷ್ಯರು ನಿಲ್ಲುವಂತಿಲ್ಲ. ‘ದೇ ಅಗ್ರೀಡ್ ಟು ಲೆಟ್ ಮೀ ಗೋ’ ಎಂದು ಸುತ್ತಿಕೊಂಡು ಬರಬೇಕು. ಆಹ್ವಾನ, ಉಡುಗೊರೆ, ಕೆಲಸದ ಆಫರ್ ಮುಂತಾದವನ್ನು ಕೈಚಾಚಿ ಪಡೆಯುವಾಗ ‘ಅಕ್ಸೆಪ್ಟ್’ ಸರಿ. ಏನಾದರೂ ಮಾಡುವುದಕ್ಕೆ ಒಪ್ಪುವಾಗ ‘ಅಗ್ರೀ’ ಸರಿ. ‘ಶೀ ಅಕ್ಸೆಪ್ಟೆಡ್ ಟು ಕಮ್’ ಎಂದು ಅವೆರಡನ್ನೂ ಕಲಸಬಾರದು.

ಹಂತ 5: ಮನುಷ್ಯರಲ್ಲದವು ಒಪ್ಪುವಾಗ

‘ಬ್ರಿಂಜಲ್ ಡಸಂಟ್ ಅಗ್ರೀ ವಿತ್ ಮೀ’ ಎಂದು ಇಂಗ್ಲಿಷಿನವರು ಹೇಳಿದಾಗ ಬದನೆಕಾಯಿ ಅವರೊಡನೆ ವಾದಕ್ಕಿಳಿದಿಲ್ಲ. ‘ನನಗೆ ಬದನೆಕಾಯಿ ಆಗಿಬರುವುದಿಲ್ಲ’ ಎಂದು ನಾವು ಹೇಳುವುದು ಅದನ್ನೇ. ಊರಿನ ಹವೆ ಮೈಗೆ ಒಗ್ಗುವುದಕ್ಕೂ ಈ ‘ಅಗ್ರೀ ವಿತ್’ ಬರುತ್ತದೆ. ಪದದ ಬೇರಿನಲ್ಲಿದ್ದ ಹಿತದ ಅರ್ಥ ಇಲ್ಲಿ ಇಂದಿಗೂ ಉಸಿರಾಡುತ್ತಿದೆ.

ಲೆಕ್ಕಪತ್ರಗಳಲ್ಲಿ ಇದಕ್ಕೆ ‘ತಾಳೆ’ ಎಂಬ ಸೊಗಸಾದ ಪದ ನಮ್ಮಲ್ಲಿದೆ. ಪಾಸ್‌ಬುಕ್ಕಿನ ಮೊತ್ತ ಮತ್ತು ಅಂಗಡಿಯ ಖಾತೆ ಪುಸ್ತಕದ ಮೊತ್ತ ತಾಳೆಯಾಗದಿದ್ದರೆ ‘ದ ಫಿಗರ್ಸ್ ಡೋಂಟ್ ಅಗ್ರೀ’. ಇಬ್ಬರು ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದರೂ ಇದೇ ಮಾತು. ಕನ್ನಡಕ್ಕೆ ಅನುವಾದಿಸುವವರು ಇಂಥ ಕಡೆ ‘ಅಂಕಿಗಳು ಒಪ್ಪುತ್ತಿಲ್ಲ’ ಎಂದು ಬರೆದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ.

ಹಂತ 6: ಒಪ್ಪದಿರುವುದನ್ನೂ ಕಲಿಯಿರಿ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕರಡಿನ ಬಗ್ಗೆ ಮೇಲಧಿಕಾರಿಗೆ ನಾಲ್ಕು ಸಲಹೆಗಳನ್ನು ಬರೆದು ಕಳುಹಿಸಿದ್ದೆ. ಒಂದೇ ಸಾಲಿನ ಉತ್ತರ ಬಂತು: ‘ಐ ಕುಡಂಟ್ ಅಗ್ರೀ ಮೋರ್’. ಇದಕ್ಕಿಂತ ಹೆಚ್ಚಿಗೆ ಒಪ್ಪಲಾರೆ, ಇಲ್ಲಿಗೆ ಸಾಕುಮಾಡು ಎಂದು ಅದನ್ನು ಓದಿಕೊಂಡು, ಮಧ್ಯಾಹ್ನದ ಊಟವೂ ರುಚಿಸದೆ, ನಾಲ್ಕೂ ಸಲಹೆಗಳನ್ನು ನಾನೇ ಅಳಿಸಿಹಾಕಿದೆ. ಸಂಜೆ ಅವರು ಬಂದು ‘ತಿದ್ದಿದ್ದು ಎಲ್ಲಿ?’ ಎಂದಾಗಲೇ ಗೊತ್ತಾದದ್ದು, ಆ ಸಾಲಿನ ಅರ್ಥ ‘ನೂರಕ್ಕೆ ನೂರು ಒಪ್ಪಿದೆ, ಇನ್ನು ಒಪ್ಪಲು ಏನೂ ಉಳಿದಿಲ್ಲ’ ಎಂದು. ‘ಮೋರ್’ ಬದಲು ‘ಲೆಸ್’ ಬಂದರೆ ಅರ್ಥ ಪೂರ್ತಿ ತಿರುಗಿ ಸಂಪೂರ್ಣ ಭಿನ್ನಾಭಿಪ್ರಾಯವಾಗುತ್ತದೆ.

ಇನ್ನೊಂದು ಗುಂಡಿ ನಿಷೇಧದ ಪ್ರಶ್ನೆಗಳದು. ‘ನೀವು ಒಪ್ಪುವುದಿಲ್ಲವೇ?’ ಎಂದರೆ ಕನ್ನಡದಲ್ಲಿ ‘ಹೌದು, ಒಪ್ಪುವುದಿಲ್ಲ’ ಎನ್ನಬಹುದು, ಏಕೆಂದರೆ ನಮ್ಮ ‘ಹೌದು’ ಪ್ರಶ್ನೆಯಲ್ಲಿ ಅಡಗಿರುವ ಊಹೆಯನ್ನು ಎತ್ತಿಹಿಡಿಯುತ್ತದೆ. ಇಂಗ್ಲಿಷಿನ ‘ಯೆಸ್’ ಆ ಕೆಲಸ ಮಾಡುವುದಿಲ್ಲ. ‘ಡೋಂಟ್ ಯೂ ಅಗ್ರೀ?’ ಎಂದು ಕೇಳಿದರೆ ಒಪ್ಪುವವರು ‘ಯೆಸ್, ಐ ಡೂ’ ಎನ್ನಬೇಕು, ಒಪ್ಪದವರು ‘ನೋ, ಐ ಡೋಂಟ್’ ಎನ್ನಬೇಕು. ಫೋನಿನಲ್ಲಿ ಬರೀ ‘ಯೆಸ್’ ಎಂದು ಬಿಟ್ಟರೆ ಆ ಕಡೆಯವರು ನೀವು ಒಪ್ಪಿದಿರೆಂದೇ ಬರೆದುಕೊಳ್ಳುತ್ತಾರೆ. ವಿದೇಶದ ಗ್ರಾಹಕರೊಡನೆ ವ್ಯವಹರಿಸುವವರು ಇಂಥ ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲೇ ಉತ್ತರಿಸುವುದು ಕ್ಷೇಮ.

‘ಡಿಸ್‌ಅಗ್ರೀ’ಯ ಜೊತೆ ‘ವಿತ್’, ‘ಆನ್’, ‘ಅಬೌಟ್’ ಬರುತ್ತವೆ; ‘ಟು’ ಬರುವುದಿಲ್ಲ. ಅದು ಅಭಿಪ್ರಾಯದ ಭೇದವನ್ನು ಮಾತ್ರ ಹೇಳುತ್ತದೆ. ‘ಬರಲು ಒಪ್ಪಲಿಲ್ಲ’ ಎನ್ನುವಲ್ಲಿ ‘ರಿಫ್ಯೂಸ್ಡ್ ಟು ಕಮ್’ ಎಂದೋ, ಅಷ್ಟು ಖಡಕ್ಕಾಗಿ ಬೇಡವೆನಿಸಿದರೆ ‘ಡಿಡ್ ನಾಟ್ ಅಗ್ರೀ ಟು ಕಮ್’ ಎಂದೋ ಬರೆಯಬೇಕು. ಹಿರಿಯರ ಮುಂದೆ ‘ಐ ಡಿಸ್‌ಅಗ್ರೀ’ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು ಇಂಗ್ಲಿಷಿನಲ್ಲೂ ಒರಟೇ. ‘ತಾವು ಹೇಳುವುದು ಸರಿಯೇ, ಆದರೂ...’ ಎಂದು ನಾವು ಎಳೆಯುವ ರಾಗಕ್ಕೆ ಅಲ್ಲಿ ‘ಐ ಅಗ್ರೀ ಅಪ್ ಟು ಎ ಪಾಯಿಂಟ್’ ಎಂಬುದಿದೆ. ಮಾತು ಎಲ್ಲಿಗೂ ಮುಟ್ಟದಿದ್ದಾಗ ಜಗಳ ಬೇಡವೆಂದು ‘ಲೆಟ್ ಅಸ್ ಅಗ್ರೀ ಟು ಡಿಸ್‌ಅಗ್ರೀ’ ಎನ್ನುತ್ತಾರೆ. ‘ನಿಮ್ಮ ಮಾತು ನಿಮಗಿರಲಿ, ನನ್ನ ಮಾತು ನನಗಿರಲಿ’ ಎಂದು ನಾವು ಎದ್ದುಬಿಡುವುದಿಲ್ಲವೇ, ಹಾಗೆ.

ಹಂತ 7: ‘ಅಗ್ರಿಮೆಂಟ್’ ಎಂದಾಗ ಯಾವ ಕಾಗದ ಎಂದು ಕೇಳಿ

ನಾಮಪದವಾದ ‘ಅಗ್ರಿಮೆಂಟ್’ ಈಗ ಕನ್ನಡದ್ದೇ ಪದವಾಗಿದೆ. ಆದರೆ ನಮ್ಮ ಆಡುಮಾತಿನಲ್ಲಿ ಅದು ಒಪ್ಪಿಗೆಯನ್ನಲ್ಲ, ಕಾಗದವನ್ನು ಸೂಚಿಸುತ್ತದೆ. ‘ಅಗ್ರಿಮೆಂಟ್ ಆಗಿದೆಯಾ?’ ಎಂದು ಕೇಳಿದರೆ ಛಾಪಾ ಕಾಗದದ ಮೇಲೆ ಸಹಿ ಬಿದ್ದಿದೆಯೇ ಎಂದು ಅರ್ಥ. ಇಂಗ್ಲಿಷಿನಲ್ಲಿ ಮಾತಿನ ಒಪ್ಪಿಗೆಯೂ ‘ಅಗ್ರಿಮೆಂಟ್’ ಆಗಬಲ್ಲದು. ಕರಾರು ಕಾಯ್ದೆಯ 2ನೆಯ ಕಲಮಿನ ಪ್ರಕಾರ ಕಾನೂನಿನ ಮೂಲಕ ಜಾರಿಗೊಳಿಸಬಹುದಾದ ‘ಅಗ್ರಿಮೆಂಟ್’ ಮಾತ್ರ ‘ಕಾಂಟ್ರಾಕ್ಟ್’; ಹಾಗಾಗಿ ಎಲ್ಲ ಕಾಂಟ್ರಾಕ್ಟುಗಳೂ ಅಗ್ರಿಮೆಂಟುಗಳು, ಎಲ್ಲ ಅಗ್ರಿಮೆಂಟುಗಳೂ ಕಾಂಟ್ರಾಕ್ಟುಗಳಲ್ಲ. ಭಾನುವಾರ ಊಟಕ್ಕೆ ಬರುತ್ತೇನೆಂದು ಗೆಳೆಯನಿಗೆ ಮಾತು ಕೊಟ್ಟು ತಪ್ಪಿಸಿಕೊಂಡರೆ ಅವನು ಕೋರ್ಟಿಗೆ ಹೋಗಲಾರ.

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಪತ್ರವನ್ನು 11 ತಿಂಗಳಿಗೆ ಬರೆಸುವ ವಾಡಿಕೆ ಎಲ್ಲರಿಗೂ ಗೊತ್ತು. 1908ರ ನೋಂದಣಿ ಕಾಯ್ದೆಯ 17ನೆಯ ಕಲಮಿನಂತೆ ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾಗಿರುವುದು ಈ ವಾಡಿಕೆಯ ಹಿಂದಿನ ಕಾರಣ. ನಿವೇಶನದ ವ್ಯವಹಾರದಲ್ಲಿ ‘ಅಗ್ರಿಮೆಂಟ್ ಮಾಡಿಕೊಂಡೆವು’ ಎಂದರೆ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿದ್ದಾರೆ ಎಂದರ್ಥ. ಕ್ರಯಪತ್ರ ಆಗಿದೆ ಎಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮು ಅಂಥ ಕರಾರಿನಿಂದಲೇ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ ಎನ್ನುತ್ತದೆ. ಇಂಗ್ಲಿಷ್ ದಾಖಲೆಯ ತಲೆಬರಹದಲ್ಲಿ ‘ಅಗ್ರಿಮೆಂಟ್ ಟು ಸೆಲ್’ ಎಂದಿದ್ದರೆ ಆ ‘ಟು’ವನ್ನು ನೋಡಿಕೊಳ್ಳಿ: ಮಾರಲು ಒಪ್ಪಿದ್ದಾರೆ, ಮಾರಿಲ್ಲ.

ಪತ್ರಿಕೆ ಓದುವಾಗಲೂ ಎಚ್ಚರ ಬೇಕು. ಕನ್ನಡ ಪತ್ರಿಕೆಗಳಲ್ಲಿ ‘ಒಪ್ಪಂದ’ ಎಂಬ ಒಂದೇ ಪದದಡಿ ಬರುವ 1960ರ ಸಿಂಧೂ ಜಲ ಒಪ್ಪಂದ ಇಂಗ್ಲಿಷಿನಲ್ಲಿ ‘ಟ್ರೀಟಿ’, 1972ರ ಶಿಮ್ಲಾ ಒಪ್ಪಂದ ‘ಅಗ್ರಿಮೆಂಟ್’, 1985ರ ಅಸ್ಸಾಂ ಒಪ್ಪಂದ ‘ಅಕಾರ್ಡ್’, 2015ರ ಪ್ಯಾರಿಸ್ ಒಪ್ಪಂದ ಮತ್ತೆ ‘ಅಗ್ರಿಮೆಂಟ್’. ಕನ್ನಡದಿಂದ ಇಂಗ್ಲಿಷಿಗೆ ಹೋಗುವವರು ಊಹಿಸಿ ಬರೆಯದೆ ಅಧಿಕೃತ ಹೆಸರನ್ನು ನೋಡಿಯೇ ಬರೆಯಬೇಕು.

ಹಂತ 8: ನೆಂಟರನ್ನು ಬೇರೆ ಬೇರೆಯಾಗಿ ಗುರುತಿಸಿ

‘ಕನ್ಸೆಂಟ್’ ಎಂಬುದು ತನ್ನ ಮೈಗೆ, ಸ್ವತ್ತಿಗೆ ಅಥವಾ ಮಾಹಿತಿಗೆ ಸಂಬಂಧಿಸಿದಂತೆ ಇನ್ನೊಬ್ಬರು ಏನಾದರೂ ಮಾಡಲು ಕೊಡುವ ಸಮ್ಮತಿ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಮಾಡಿಸಿಕೊಳ್ಳುವ ನಮೂನೆ ಇದರದು. ಬೆದರಿಸಿಯೋ, ಅನುಚಿತ ಪ್ರಭಾವ ಬೀರಿಯೋ, ಮೋಸದಿಂದಲೋ ಪಡೆದ ಸಮ್ಮತಿ ಮುಕ್ತ ಸಮ್ಮತಿಯಲ್ಲ ಎಂದು ಕರಾರು ಕಾಯ್ದೆಯ 14ನೆಯ ಕಲಮು ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ವಿಷಯ ತಿಳಿದು ಕೊಟ್ಟದ್ದೂ ಷರತ್ತಿಲ್ಲದ್ದೂ ಸಂದಿಗ್ಧವಲ್ಲದ್ದೂ ಆಗಿರಬೇಕು ಎನ್ನುತ್ತದೆ. ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದೂ ಅದರಲ್ಲಿದೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು. ಮೊಬೈಲಿನಲ್ಲಿ ‘ಐ ಅಗ್ರೀ’ ಗುಂಡಿ ಒತ್ತುವಾಗ ನಾವು ಮಾಡುವುದು ‘ಅಗ್ರೀ ವಿತ್’ ಅಲ್ಲ, ‘ಅಗ್ರೀ ಟು’. ಓದದೆ ಒತ್ತಿದರೂ ಅದು ‘ಟು’ವೇ.

‘ಅಸೆಂಟ್’ ಮೇಲಿನ ಸ್ಥಾನದಿಂದ ಬರುವ ವಿಧಿಪೂರ್ವಕ ಸಮ್ಮತಿ. ವಿಧಾನಮಂಡಲ ಅಂಗೀಕರಿಸಿದ ಮಸೂದೆಗೆ ಸಂವಿಧಾನದ 200ನೆಯ ವಿಧಿಯಂತೆ ರಾಜ್ಯಪಾಲರು ಕೊಡುವುದು ‘ಅಸೆಂಟ್’. ಕನ್ನಡದಲ್ಲಿ ಅದಕ್ಕೆ ‘ಅಂಕಿತ’ ಎಂಬ ಒಳ್ಳೆಯ ಪದ ರೂಢಿಯಲ್ಲಿದೆ. ‘ಕನ್ಕರ್’ ಸಮಾನಸ್ಥರದು: ಪೀಠದ ಒಬ್ಬ ನ್ಯಾಯಮೂರ್ತಿಯ ತೀರ್ಪಿಗೆ ಇನ್ನೊಬ್ಬರು ಸಹಮತ ಸೂಚಿಸಿದಾಗ ಇದು ಬರುತ್ತದೆ. ‘ಕಂಪ್ಲೈ’ ಎಂದರೆ ಒಪ್ಪುವುದಲ್ಲ, ಪಾಲಿಸುವುದು. ನಿಯಮ ಮನಸ್ಸಿಗೆ ಒಪ್ಪದಿದ್ದರೂ ಹೆಲ್ಮೆಟ್ ಹಾಕಿಕೊಂಡು ಹೊರಟವನು ಮಾಡುತ್ತಿರುವುದು ಅದನ್ನು. ‘ಅಗ್ರೀಯಬಲ್’ ಎಂಬ ಗುಣವಾಚಕಕ್ಕೆ ಹಿತವಾದ ಎಂಬ ಅರ್ಥವೂ ಒಪ್ಪಲು ಸಿದ್ಧ ಎಂಬ ಅರ್ಥವೂ ಇವೆ.

ವ್ಯಾಕರಣದಲ್ಲೂ ಒಂದು ‘ಅಗ್ರಿಮೆಂಟ್’ ಇದೆ: ಕರ್ತೃವಿಗೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆ. ‘ಬಂದನು, ಬಂದಳು, ಬಂದಿತು, ಬಂದರು’ ಎಂದು ಲಿಂಗ ವಚನಗಳನ್ನೆಲ್ಲ ಹೊಂದಿಸಿ ಮಾತನಾಡುವ ನಮಗೆ, ವರ್ತಮಾನದಲ್ಲಿ ಒಂದು ‘ಸ್’ ಸೇರಿಸಿದರೆ ಮುಗಿಯುವ ಇಂಗ್ಲಿಷಿನ ಹೊಂದಾಣಿಕೆ ಹಗುರವೇ ಆಗಬೇಕು. ಆದರೂ ಗೌರವದ ಬಹುವಚನ ನಮ್ಮನ್ನು ಎಡವಿಸುತ್ತದೆ: ‘ಮೇಷ್ಟ್ರು ಬಂದಿದ್ದಾರೆ’ ಎಂಬುದರ ಗುಂಗಿನಲ್ಲಿ ಮಕ್ಕಳು ‘ಅವರ್ ಟೀಚರ್ ಹ್ಯಾವ್ ಕಮ್’ ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಎಷ್ಟೇ ಗೌರವವಿದ್ದರೂ ಒಬ್ಬರು ಒಬ್ಬರೇ, ಅಲ್ಲಿ ‘ಹ್ಯಾಸ್’ ಬರಬೇಕು.

ಹಂತ 9: ಒಂದು ಪತ್ರವನ್ನು ತಿದ್ದಿ ನೋಡಿ

ದಾವಣಗೆರೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಟ ಯುವಕನೊಬ್ಬ ಮನೆ ಮಾಲೀಕರಿಗೆ ಬರೆದ ಪತ್ರ ಎಂದುಕೊಳ್ಳೋಣ. ಅಭ್ಯಾಸಕ್ಕಾಗಿ ನಾನೇ ಹೆಣೆದ ಈ ನಾಲ್ಕು ವಾಕ್ಯಗಳಲ್ಲಿ ಮೇಲಿನ ತಪ್ಪುಗಳನ್ನೆಲ್ಲ ತುಂಬಿದ್ದೇನೆ: ‘ಐ ಆ್ಯಮ್ ಅಗ್ರೀ ವಿತ್ ದ ರೆಂಟ್. ಐ ಅಗ್ರೀಡ್ ಮೈ ಫಾದರ್ ಆಲ್ಸೋ. ವಿ ಡಿಸ್‌ಅಗ್ರೀ ಟು ಪೇ ಟೆನ್ ಮಂತ್ಸ್ ಅಡ್ವಾನ್ಸ್. ಪ್ಲೀಸ್ ಅಗ್ರೀ ಮೀ ಟು ಪಾರ್ಕ್ ಮೈ ಸ್ಕೂಟರ್ ಇನ್‌ಸೈಡ್.’

ಮೊದಲ ವಾಕ್ಯದಲ್ಲಿ ಅವನು ಬಾಡಿಗೆಯ ನ್ಯಾಯಾನ್ಯಾಯ ಹೇಳುತ್ತಿಲ್ಲ, ಕೊಡುತ್ತೇನೆ ಎನ್ನುತ್ತಿದ್ದಾನೆ. ಆದ್ದರಿಂದ ‘ಆ್ಯಮ್’ ತೆಗೆದು ‘ಐ ಅಗ್ರೀ ಟು ದ ರೆಂಟ್’ ಎಂದಾಗಬೇಕು. ಎರಡನೆಯದು ಅಪ್ಪನನ್ನು ಒಪ್ಪಿಸಿದ ಸುದ್ದಿ: ‘ಮೈ ಫಾದರ್ ಹ್ಯಾಸ್ ಅಗ್ರೀಡ್ ಟೂ’. ಒಪ್ಪಿಸುವುದಕ್ಕೆ ಎಷ್ಟು ಕಷ್ಟಪಟ್ಟೆ ಎಂಬುದು ಮಾಲೀಕರಿಗೆ ಬೇಡ. ಮೂರನೆಯದನ್ನು ‘ವಿ ರಿಫ್ಯೂಸ್’ ಎಂದು ತಿದ್ದಿದರೆ ವ್ಯಾಕರಣ ಸರಿಹೋದರೂ ಮನೆ ಕೈತಪ್ಪಬಹುದು. ‘ಕುಡ್ ವಿ ಅಗ್ರೀ ಆನ್ ಸಿಕ್ಸ್ ಮಂತ್ಸ್ ಅಡ್ವಾನ್ಸ್?’ ಎಂದು ಕೇಳಿದರೆ ಆ ‘ಆನ್’ ಮಾಲೀಕರನ್ನೂ ಮಾತಿಗೆ ಕರೆಯುತ್ತದೆ. ಕೊನೆಯ ವಾಕ್ಯದಲ್ಲಿ ಅವನು ಕೇಳುತ್ತಿರುವುದು ಒಪ್ಪಿಗೆಯನ್ನಲ್ಲ, ಅನುಮತಿಯನ್ನು. ಅಲ್ಲಿಂದ ‘ಅಗ್ರೀ’ಯನ್ನು ಪೂರ್ತಿ ತೆಗೆದುಹಾಕಿ ‘ಮೇ ಐ ಪಾರ್ಕ್ ಮೈ ಸ್ಕೂಟರ್ ಇನ್‌ಸೈಡ್?’ ಎಂದು ಬರೆದರೆ ಆಯಿತು.